ಶಾದ್ಲೂಯಿ ಯಾರಿಗೂ ದ್ರೋಹ ಬಗೆದಿಲ್ಲ

2024ರ ಡಿಸೆಂಬರ್ 29ರ ರಾತ್ರಿ ಪುಣೆಯ ಬಾಲೇವಾಡಿಯ ಒಳಾಂಗಣದಲ್ಲಿ ಪ್ರೊ ಕಬಡ್ಡಿ 11ನೇ ಆವೃತ್ತಿಯ ಫೈನಲ್. ನನ್ನ ಮುಂದಿನ ಸಾಲಿನಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಕೂತಿದ್ದ. ಮೈಮೇಲೆ ಪುಣೇರಿ ಪಲ್ಟನ್‌ನ ಕಿತ್ತಳೆ ಬಣ್ಣದ ಟೀಶರ್ಟ್. ಬೆನ್ನ ಮೇಲೆ ಶಾದ್ಲೂಯಿ ಎಂಬ ಹೆಸರು, ಒಗೆದೂ ಒಗೆದೂ ಅಕ್ಷರಗಳೆಲ್ಲ ಬಿರುಕು ಬಿಟ್ಟಿದ್ದವು. ಅಂಕಣದಲ್ಲಿ ಅದೇ ಮೊಹಮ್ಮದ್ ರೇಜಾ ಶಾದ್ಲೂಯಿ, ಆದರೆ ಹರಿಯಾಣ ಸ್ಟೀಲರ್ಸ್ ಅಂಗಿಯಲ್ಲಿ. ಅವನು ಪಟ್ನಾದ ರೈಡರ್ ಒಬ್ಬನನ್ನು ಹಿಡಿದಾಗಲೆಲ್ಲ ಹುಡುಗ ಅರ್ಧ ಎದ್ದು, ಅಪ್ಪನ ಮುಖ ನೋಡಿ, ಮತ್ತೆ ಕೂರುತ್ತಿದ್ದ. ಕಡೆಗೆ ಅಪ್ಪ ಹೇಳಿದರು: “ತೋ ಆತಾ ಆಪಲಾ ನಾಹೀ.” ಅವನು ಈಗ ನಮ್ಮವನಲ್ಲ. ಹರಿಯಾಣ 32-23ರಿಂದ ಗೆದ್ದು ಪುಣೆಯಲ್ಲೇ ಕಪ್ ಎತ್ತಿತು. ಹುಡುಗ ಚಪ್ಪಾಳೆ ತಟ್ಟಲಿಲ್ಲ.

“ನಮ್ಮವನಲ್ಲ” ಎಂಬ ಆ ಮಾತನ್ನು ಆಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕೊತ್ರೂಡಿನ ಮರಾಠಿ ಗೆಳೆಯರು ಆಡಿದ್ದಾರೆ, ಪುಣೆಯಲ್ಲಿ ಭಾನುವಾರ ಸೇರುವ ನಮ್ಮ ಕನ್ನಡದವರೂ ಆಡಿದ್ದಾರೆ. ಪ್ರತಿ ಹರಾಜಿಗೆ ಮುಂಚೆ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬ ಗುಸುಗುಸು ಎದ್ದಾಗ ಶಾದ್ಲೂಯಿಯ ಹೆಸರು ಬೈಗುಳದ ಜೊತೆಗೇ ಬರುತ್ತದೆ. ಬೈಯುವವರಿಗೆ ನನ್ನ ಉತ್ತರ ಇಲ್ಲಿದೆ.

“ದುಡ್ಡಿನ ಹಿಂದೆ ಓಡಿಹೋದ” ಎನ್ನುತ್ತಾರೆ. ಲೆಕ್ಕ ನೋಡಿ. 2023ರ ಅಕ್ಟೋಬರ್ ಹರಾಜಿನಲ್ಲಿ ಪಲ್ಟನ್ ಅವನಿಗೆ ಕೊಟ್ಟದ್ದು 2.35 ಕೋಟಿ ರೂಪಾಯಿ. ಪಲ್ಟನ್ ಅವನನ್ನು ಬಿಟ್ಟ ಮೇಲೆ 2024ರ ಆಗಸ್ಟ್‌ನಲ್ಲಿ ಹರಿಯಾಣ ಕೊಟ್ಟದ್ದು 2.07 ಕೋಟಿ. 28 ಲಕ್ಷ ಕಡಿಮೆ! ದುಡ್ಡಿಗಾಗಿ ಓಡುವವನು ಕಡಿಮೆ ದುಡ್ಡಿನ ಕಡೆ ಓಡುತ್ತಾನೆಯೇ? ಹರಾಜಿಗೆ ಬಿಟ್ಟ ಆಟಗಾರನಿಗೆ ಊರನ್ನು ಆರಿಸುವ ಹಕ್ಕಿಲ್ಲ. ಹೆಸರು ಕೂಗುತ್ತಾರೆ, ತಂಡಗಳು ಬೆಲೆ ಏರಿಸುತ್ತವೆ, ಸುತ್ತಿಗೆ ಬಿದ್ದ ಕಡೆ ಅವನು ಹೋಗಬೇಕು. ಅಮೆರಿಕದ ಬಾಸ್ಕೆಟ್‌ಬಾಲಿನಲ್ಲಂತೂ ಹರಾಜೂ ಬೇಡ. 2025ರ ಫೆಬ್ರವರಿಯಲ್ಲಿ ಡಲ್ಲಾಸ್ ತಂಡ ಲೂಕಾ ಡಾನ್‌ಚಿಚ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟುಬಿಟ್ಟಿತು. ಹಿಂದಿನ ವರ್ಷವಷ್ಟೇ ಆ ತಂಡವನ್ನು ಫೈನಲ್‌ವರೆಗೆ ಒಯ್ದವನು ಅವನು. ಅಲ್ಲಿ ಜನ ಕ್ರೀಡಾಂಗಣದ ಮುಂದೆ ನಿಂತು ಮ್ಯಾನೇಜರನ್ನು ಬೈದರು, ಆಟಗಾರನನ್ನಲ್ಲ. ನಾವು ಮಾತ್ರ ಕಳಿಸಿದವರನ್ನು ಬಿಟ್ಟು ಹೋದವನನ್ನು ಹಿಡಿದುಕೊಂಡಿದ್ದೇವೆ.

ಹಾಗಾದರೆ ಕಳಿಸಿದವರದೇ ತಪ್ಪು, ಪಲ್ಟನ್‌ಗೆ ಬುದ್ಧಿಯಿಲ್ಲ ಎನ್ನುವವರಿದ್ದಾರೆ. ಅವರ ವಾದದಲ್ಲಿ ತೂಕವಿದೆ, ಅದನ್ನು ತಳ್ಳಿಹಾಕುವುದಿಲ್ಲ. 10ನೇ ಆವೃತ್ತಿಯಲ್ಲಿ ಶಾದ್ಲೂಯಿ ಹಿಡಿತಗಳಿಂದಲೇ 99 ಅಂಕ ತಂದ, ಆ ಸಲದ ಅತ್ಯುತ್ತಮ ಡಿಫೆಂಡರ್ ಆದ. ಎಡ ಮೂಲೆಯಲ್ಲಿ ಅವನು ನಿಲ್ಲುವ ರೀತಿ ಹತ್ತಿರದಿಂದ ಕಂಡವರಿಗೆ ಗೊತ್ತು. ರೈಡರ್ ಬೋನಸ್ ಗೆರೆಯ ಕಡೆ ಕಾಲು ಚಾಚುವವರೆಗೂ ಮಂಡಿ ಮಡಚಿ, ಕೈ ಇಳಿಬಿಟ್ಟು, ಏನೂ ಆಗದವನಂತೆ ಇರುತ್ತಾನೆ. ಆ ಪಾದ ನೆಲ ಮುಟ್ಟುವಷ್ಟರಲ್ಲಿ ಎರಡೂ ಕೈ ಕಣಕಾಲಿಗೆ ಬಿದ್ದಿರುತ್ತವೆ. ಆಮೇಲೆ ಬಿಡಿಸಿಕೊಂಡು ಹೋಗುವವರು ಅಪರೂಪ. ಅಂಥವನು ಹೋದ ವರ್ಷವೇ ಹಾಲಿ ಚಾಂಪಿಯನ್ ಪಲ್ಟನ್ ಪ್ಲೇಆಫ್‌ಗೂ ಬರಲಿಲ್ಲ. ಬಾಲೇವಾಡಿಯಲ್ಲಿ ಅದನ್ನು ನೋಡುತ್ತ ಕೂತಾಗ ನನ್ನ ಹೊಟ್ಟೆಯೂ ಉರಿದಿದೆ.

ಆದರೆ ತಂಡದ ಕೈಯಲ್ಲಿದ್ದದ್ದು ಎಷ್ಟು? ಒಂದು ಆವೃತ್ತಿಗೆ ಇಡೀ ತಂಡ ಕಟ್ಟಲು 5 ಕೋಟಿ. ಅದರಲ್ಲಿ ಎರಡು ಕೋಟಿಗೂ ಮೇಲೆ ಒಬ್ಬನಿಗೇ ಹೋದರೆ ಉಳಿದವರನ್ನು ಯಾವುದರಲ್ಲಿ ಉಳಿಸಿಕೊಳ್ಳಬೇಕು? ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಅಭಿನೇಶ್ ನಟರಾಜನ್, ಗೌರವ್ ಖತ್ರಿ... ಇವರೆಲ್ಲ ಜೊತೆಗೆ ಆಡಿ ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ತಿಳಿದ ಹುಡುಗರು. 2024ರ ಮಾರ್ಚ್ 1ರಂದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಹರಿಯಾಣವನ್ನು 28-25ರಿಂದ ಸೋಲಿಸಿ ಪಲ್ಟನ್ ಮೊದಲ ಸಲ ಕಪ್ ಗೆದ್ದಾಗ ಪಂದ್ಯದ ದಿಕ್ಕು ತಿರುಗಿಸಿದ್ದು ಪಂಕಜ್‌ನ ಸೂಪರ್ ರೈಡ್. ಆವೃತ್ತಿಯ ಅತ್ಯಮೂಲ್ಯ ಆಟಗಾರ ಅಸ್ಲಂ. ಮುಂದಿನ ಸಲ ತಂಡ ಮುಗ್ಗರಿಸಿತು ಎನ್ನುವಾಗ, ನಡುವೆಯೇ ಮಂಡಿ ನೋವಾಗಿ ಅದೇ ಅಸ್ಲಂ ಹೊರಗೆ ಕೂರಬೇಕಾಯಿತು ಎಂಬುದನ್ನು ಯಾಕೆ ಹೇಳುವುದಿಲ್ಲ?

ದೊಡ್ಡ ಆಟಗಾರನನ್ನು ಬಿಡುವುದು ಪಲ್ಟನ್ ಮೊದಲ ಸಲ ಮಾಡಿದ್ದೂ ಅಲ್ಲ. 9ನೇ ಆವೃತ್ತಿಯಲ್ಲಿ 1.38 ಕೋಟಿಗೆ ತಂದ ನಾಯಕ ಫಜಲ್ ಅತ್ರಾಚಲಿ ತಂಡವನ್ನು ಫೈನಲ್‌ಗೆ ಒಯ್ದಿದ್ದ. ಅವನನ್ನೂ ಬಿಟ್ಟರು, ಮುಂದಿನ ಆವೃತ್ತಿಯಲ್ಲೇ ಕಪ್ ಬಂತು. 2025ರಲ್ಲಿ ಶಾದ್ಲೂಯಿಗೆ ಗುಜರಾತ್ 2.23 ಕೋಟಿ ಕೊಟ್ಟಿತು. ಆ ಹರಾಜಿನಲ್ಲಿ ಅದಕ್ಕಿಂತ ದೊಡ್ಡ ಬೆಲೆ ಇರಲಿಲ್ಲ. ಗುಜರಾತ್ ಪ್ಲೇಆಫ್ ಕಾಣಲಿಲ್ಲ. ಅವನಿಲ್ಲದ ಪಲ್ಟನ್ ಲೀಗ್ ಪಟ್ಟಿಯ ಮೊದಲ ಸ್ಥಾನದಲ್ಲಿ ನಿಂತು, ಫೈನಲ್‌ನಲ್ಲಿ ದಬಾಂಗ್ ದೆಹಲಿಗೆ 28-31ರಿಂದ, ಮೂರೇ ಮೂರು ಅಂಕದಿಂದ ಸೋತಿತು. ಬುದ್ಧಿಯಿಲ್ಲದವರ ಲೆಕ್ಕ ಹೀಗಿರುವುದಿಲ್ಲ. ಬಿಟ್ಟ ತಂಡದ ತೀರ್ಮಾನವೂ ಸರಿ, ಬಿಡುಗಡೆಯಾದವನ ಆಟವೂ ಸರಿ ಎಂದು ನಾನು ಒಟ್ಟಿಗೇ ಹೇಳುತ್ತೇನೆ. ಒಬ್ಬರನ್ನು ಒಪ್ಪಲು ಇನ್ನೊಬ್ಬರನ್ನು ಕಳ್ಳರನ್ನಾಗಿ ಮಾಡಬೇಕಿಲ್ಲ.

ಇರಾನಿನವನಿಗೆ ಪುಣೆಯ ಮೇಲೆ ಯಾವ ಪ್ರೀತಿ ಎಂದು ಕೇಳಿದವರಿಗೆ ಹೆಚ್ಚು ಮಾತು ಬೇಡ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಅವನು ಭಾರತದ ವಿರುದ್ಧ ಇರಾನ್ ಪರ ಆಡಿದ. ಮೂರು ದಿನ ಕಳೆಯುವುದರೊಳಗೆ ಪಲ್ಟನ್‌ನವನಾದ. ಆ ಇಡೀ ಆವೃತ್ತಿ ಮೈಮುರಿದು ಆಡಿದ್ದು ಪುಣೆಗಾಗಿ. ಪ್ರೀತಿಯನ್ನು ಇನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

“ಹರಾಜಿನ ಮಾತು ಬರೀ ಮಜಾ, ಅದರಿಂದ ಯಾರಿಗೇನು ನಷ್ಟ?” ಎಂಬುದು ಇನ್ನೊಂದು. ಪವನ್ ಸೆಹ್ರಾವತ್ 2019ರ ಜನವರಿಯಲ್ಲಿ ಒಂದೇ ಫೈನಲ್‌ನಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಕೊಟ್ಟವನು. 2023ರಲ್ಲಿ ಅವನ ಬೆಲೆ 2.6 ಕೋಟಿ ದಾಟಿತ್ತು, 2025ರಲ್ಲಿ 59.5 ಲಕ್ಷ. ಪರದೀಪ್ ನರ್ವಾಲ್ ಲೀಗ್‌ನಲ್ಲಿ 1,800ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದವನು, ಪಟ್ನಾಕ್ಕೆ ಸಾಲಾಗಿ ಮೂರು ಕಪ್ ತಂದವನು. 2025ರ ಹರಾಜಿನಲ್ಲಿ ಅವನನ್ನು ಕೊಳ್ಳುವವರೇ ಇರಲಿಲ್ಲ, ಆಟಕ್ಕೆ ವಿದಾಯ ಹೇಳಿದ. ಆ ವಾರ ನಮ್ಮ ನಡುವೆಯೇ ಎಂಥ ಮಾತು ಬಂತು ನೆನಪಿದೆಯೇ? ಸವೆದುಹೋದ, ಮುಗಿದುಹೋದ ಎಂದು ಎತ್ತಿನ ಸಂತೆಯಲ್ಲಿ ಹಲ್ಲು ಎಣಿಸುವವರ ಹಾಗೆ ಮಾತಾಡಿದೆವು. ಆಟಗಾರನ ಮನೆಯವರೂ ಅದನ್ನು ಕೇಳಿಸಿಕೊಳ್ಳುತ್ತಾರೆ.

ನಮ್ಮ ಕನ್ನಡದವರಿಗೆ ಒಂದು ಮಾತು. ಪಲ್ಟನ್‌ಗೆ ಕಪ್ ಗೆದ್ದುಕೊಟ್ಟ ಕೋಚ್ ಬಿ.ಸಿ. ರಮೇಶ್ ನಮ್ಮವರು, ಅರ್ಜುನ ಪ್ರಶಸ್ತಿ ಪಡೆದವರು. 6ನೇ ಆವೃತ್ತಿಯಲ್ಲಿ ಬುಲ್ಸ್ ಗೆದ್ದಾಗ ತರಬೇತಿ ಬಳಗದಲ್ಲಿದ್ದರು, ಮುಂದಿನ ಆವೃತ್ತಿಯಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಕೊಡಿಸಿದರು, ಪುಣೆಗೆ ಬಂದರು, 2025ರಲ್ಲಿ ಮತ್ತೆ ಬುಲ್ಸ್‌ಗೆ ಹೋದರು. ಅವರು ಪುಣೆ ಬಿಟ್ಟಾಗ ನಮ್ಮ ಭಾನುವಾರದ ಗುಂಪಿನಲ್ಲಿ ಯಾರೂ ಬೈಯಲಿಲ್ಲ. ಒಳ್ಳೆಯದಾಯಿತು, ಊರಿಗೆ ಹೋದರು ಎಂದೆವು. ಆ ದೊಡ್ಡ ಮನಸ್ಸು ಒಬ್ಬ ಇರಾನಿ ಹುಡುಗನ ಪಾಲಿಗೆ ಯಾಕೆ ಇಲ್ಲ?

ಮೊನ್ನೆ ಗೆಳೆಯರೊಬ್ಬರು ವಾಟ್ಸಾಪ್‌ನಲ್ಲಿ ಕೇಳಿದರು: “ಈ ಸಲ ಅಸ್ಲಂ ಹೋಗ್ತಾನಂತೆ, ಹೌದಾ?” ಪಟ್ಟಿ ಬರಲಿ ಎಂದು ಬರೆದೆ. ಎಲ್ಲಿ ಆಡಿದರೂ, ಅವನು ಬಾಲೇವಾಡಿಗೆ ಬಂದ ದಿನ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ ಎಂದೂ ಬರೆದೆ.