ದುಡ್ಡು ಕೊಟ್ಟವರ ದಿನಚರಿ

ಪೆನಿಸಿಲಿನ್ ಕಂಡುಹಿಡಿದವರು ಯಾರೆಂದು ಕೇಳಿದರೆ ಹೈಸ್ಕೂಲಿನ ಯಾವ ವಿದ್ಯಾರ್ಥಿಯಾದರೂ ಥಟ್ಟನೆ ‘ಅಲೆಕ್ಸಾಂಡರ್ ಫ್ಲೆಮಿಂಗ್’ ಎಂದು ಹೇಳಿಬಿಡುತ್ತಾನೆ. ಇನ್ನಷ್ಟು ಓದಿಕೊಂಡವರು, ಬೂಷ್ಟಿನ ಆ ರಸವನ್ನು ರೋಗಿಗೆ ಕೊಡಬಹುದಾದ ಔಷಧವಾಗಿ ಮಾಡಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಹೀಟ್ಲಿ ಎಂದು ಸೇರಿಸಿಯಾರು. ಸರಿ, ಫ್ಲೋರಿಯವರ ಪ್ರಯೋಗಾಲಯಕ್ಕೆ ದುಡ್ಡು ಎಲ್ಲಿಂದ ಬಂತು? ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ. ಆದರೆ ದುಡ್ಡಿಲ್ಲದೆ ಗಾಜಿನ ನಳಿಕೆಯೂ ಬಾರದು, ಇಲಿಗೆ ಹಾಕುವ ಕಾಳೂ ಬಾರದು.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಕೆಲವೇ ತಿಂಗಳಾಗಿತ್ತು. ಫ್ಲೋರಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ವರ್ಷಕ್ಕೆ ಸುಮಾರು 5,000 ಡಾಲರಿನಂತೆ ಐದು ವರ್ಷ ಹಣ ಕೊಡಲು ಪ್ರತಿಷ್ಠಾನ ಒಪ್ಪಿತು. 1941ರಲ್ಲಿ ಫ್ಲೋರಿ ಮತ್ತು ಹೀಟ್ಲಿ ಬೂಷ್ಟಿನ ಮಾದರಿ ಹಿಡಿದು ಅಮೆರಿಕಕ್ಕೆ ಹೋದಾಗ ಪ್ರಯಾಣದ ಖರ್ಚನ್ನೂ ಅದೇ ಭರಿಸಿತು. ಆಗ ಆ ಪ್ರತಿಷ್ಠಾನದ ನಿಸರ್ಗ ವಿಜ್ಞಾನ ವಿಭಾಗದ ನಿರ್ದೇಶಕರಾಗಿದ್ದವರು ವಾರನ್ ವೀವರ್. ಈ ವಾರ ಅವರ ಕಾಗದಪತ್ರಗಳ ಕಥೆ.

ವೀವರ್ ಹುಟ್ಟಿದ್ದು 1894ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೀಡ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ಓದಿದ್ದು ಎಂಜಿನಿಯರಿಂಗ್ ಮತ್ತು ಗಣಿತ. ವೃತ್ತಿ ಗಣಿತದ ಅಧ್ಯಾಪನ. ಅವರ ಗುರು ಮ್ಯಾಕ್ಸ್ ಮೇಸನ್ ಪ್ರತಿಷ್ಠಾನದ ಅಧ್ಯಕ್ಷರಾಗಿದ್ದ ಕಾಲದಲ್ಲಿ, 1932ರಲ್ಲಿ, ಅವರಿಗೆ ಈ ಹುದ್ದೆ ಬಂತು. 1955ರವರೆಗೂ ಅಲ್ಲೇ ಇದ್ದರು. ಗಣಿತದ ಮೇಷ್ಟ್ರು ಜೀವವಿಜ್ಞಾನಕ್ಕೆ ಹಣ ಹಂಚಲು ಕುಳಿತದ್ದು ವಿಚಿತ್ರವಾಗಿ ಕಾಣಬಹುದು. ಆದರೆ ಭೌತ, ರಸಾಯನ ವಿಜ್ಞಾನಗಳ ಉಪಕರಣಗಳನ್ನು ಜೀವಕೋಶದೊಳಗೆ ತಿರುಗಿಸಿದರೆ ಹೊಸದೇನೋ ಕಂಡೀತು ಎಂಬುದು ಅವರ ನಂಬಿಕೆ. ಇಂಥ ಸಂಶೋಧನೆಗೆ ‘ಮಾಲಿಕ್ಯುಲರ್ ಬಯಾಲಜಿ’, ಅಂದರೆ ಆಣ್ವಿಕ ಜೀವವಿಜ್ಞಾನ, ಎಂಬ ಹೆಸರನ್ನು ಅವರು 1938ರ ವರದಿಯಲ್ಲಿ ಬಳಸಿದರು. ಇಂದು ಪಿಯುಸಿ ಪುಸ್ತಕದಲ್ಲಿ ಕಾಣುವ ಆ ಶಬ್ದ ಹೀಗೆ ಒಂದು ಕಚೇರಿಯ ಕಾಗದದಿಂದ ಹೊರಬಂದು ಜಗತ್ತಿನಲ್ಲಿ ಹರಡಿತು.

ಆ ಪ್ರತಿಷ್ಠಾನದಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಅಧಿಕಾರಿಗಳು ದಿನಚರಿ ಬರೆಯಬೇಕು. ಇಂದು ಯಾವ ಪ್ರಯೋಗಾಲಯಕ್ಕೆ ಹೋದೆ, ಯಾರನ್ನು ಕಂಡೆ, ಅವರು ಏನು ಹೇಳಿದರು, ಟೆಲಿಫೋನಿನಲ್ಲಿ ಯಾವ ಮಾತಾಯಿತು, ನನಗೆ ಏನನ್ನಿಸಿತು, ಎಲ್ಲವನ್ನೂ. ಅದನ್ನು ಬೆರಳಚ್ಚು ಮಾಡಿಸಿ ಸಹೋದ್ಯೋಗಿಗಳಿಗೂ ಓದಲು ಕೊಡುತ್ತಿದ್ದರು. ಪೂರ್ತಿ ಹೆಸರಿನ ಬದಲು ಮೊದಲಕ್ಷರಗಳು ಸಾಕು. ವೀವರ್ ಅಂದರೆ ಬರೀ ‘ಡಬ್ಲ್ಯು.ಡಬ್ಲ್ಯು.’. ಮಂಜೂರಾತಿ ಪತ್ರದಲ್ಲಿ ಇರುವುದು ಹೆಸರು ಮತ್ತು ಮೊತ್ತ ಮಾತ್ರ. ಏಕೆ ಕೊಟ್ಟರು, ಏಕೆ ಹಿಂಜರಿದರು, ಯಾವುದರಲ್ಲಿ ಸಂಶಯವಿತ್ತು ಎಂಬುದು ಗೊತ್ತಾಗುವುದು ದಿನಚರಿಯಿಂದ.

ಹಣ ಕೊಟ್ಟ ಕೂಡಲೇ ಫಲ ಬರಲಿಲ್ಲ ಎಂಬುದನ್ನೂ ಗಮನಿಸಬೇಕು. ಕ್ಯಾಲಿಫೋರ್ನಿಯಾದ ಲೈನಸ್ ಪಾಲಿಂಗ್ ಮೊದಲು ಖನಿಜಗಳ ಹರಳುಗಳನ್ನು ಅಧ್ಯಯನ ಮಾಡುತ್ತಿದ್ದರು. ಜೀವಿಗಳ ಅಣುಗಳತ್ತ ನೋಡಿ ಎಂದು ವೀವರ್ ಅವರನ್ನು ಉತ್ತೇಜಿಸಿದರು, ಹಣವನ್ನೂ ಕೊಡಿಸಿದರು. ಪಾಲಿಂಗ್ ರಕ್ತದ ಹಿಮೋಗ್ಲೋಬಿನ್ ಹಿಡಿದರು. 1949ರಲ್ಲಿ ಅವರ ತಂಡ, ಸಿಕಲ್ ಸೆಲ್ ಅನೀಮಿಯ ಎಂಬ, ರಕ್ತಕಣಗಳು ಕುಡುಗೋಲಿನಂತೆ ಬಾಗುವ ಕಾಯಿಲೆಗೆ ಹಿಮೋಗ್ಲೋಬಿನ್ ಅಣುವಿನಲ್ಲಿರುವ ವ್ಯತ್ಯಾಸವೇ ಕಾರಣವೆಂದು ತೋರಿಸಿತು. ನಮ್ಮ ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲೂ ಈ ಕಾಯಿಲೆಯುಳ್ಳವರು ಇದ್ದಾರೆ. ಕೇಂಬ್ರಿಜ್‌ನಲ್ಲಿ ಮ್ಯಾಕ್ಸ್ ಪೆರುಟ್ಜ್ ಎಂಬ ತರುಣ ನಿರಾಶ್ರಿತ ವಿಜ್ಞಾನಿಗೆ 1939ರಲ್ಲಿ ಸಂಬಳ ಸಿಕ್ಕಿದ್ದು ಇದೇ ಪ್ರತಿಷ್ಠಾನದ ಹಣದಿಂದ. ಹಿಮೋಗ್ಲೋಬಿನ್ನಿನ ರಚನೆಯನ್ನು ಬಿಡಿಸಿದ್ದಕ್ಕೆ ಪೆರುಟ್ಜ್ ನೊಬೆಲ್ ಪಡೆದದ್ದು 1962ರಲ್ಲಿ. ನಡುವೆ 23 ವರ್ಷ! ಯೂನಿಟ್ ಟೆಸ್ಟಿನ ಅಂಕ ನೋಡಿ ಮಗನ ಭವಿಷ್ಯ ತೀರ್ಮಾನಿಸುವ ತಂದೆತಾಯಂದಿರು ಈ ಸಂಖ್ಯೆಯನ್ನು ಒಂದು ಕ್ಷಣ ನೆನೆಯಬೇಕು.

ವೀವರ್ ಅವರ ಪತ್ರಗಳಲ್ಲಿ ಇನ್ನೊಂದು ಕುತೂಹಲದ ಸಂಗತಿ ಇದೆ. 1947ರ ಮಾರ್ಚ್‌ನಲ್ಲಿ ಅವರು ಗಣಿತಜ್ಞ ನಾರ್ಬರ್ಟ್ ವೀನರ್ ಅವರಿಗೆ ಒಂದು ಪತ್ರ ಬರೆದು, ಆಗಷ್ಟೇ ಬಂದಿದ್ದ ಗಣಕಯಂತ್ರದಿಂದ ಒಂದು ಭಾಷೆಯನ್ನು ಇನ್ನೊಂದಕ್ಕೆ ಅನುವಾದಿಸಲಾದೀತೇ ಎಂದು ಕೇಳಿದರು. ವೀನರ್ ಉತ್ಸಾಹ ತೋರಲಿಲ್ಲ. ವೀವರ್ ಬಿಡಲಿಲ್ಲ, 1949ರಲ್ಲಿ ತಮ್ಮ ಆಲೋಚನೆಯನ್ನು ಒಂದು ಟಿಪ್ಪಣಿಯಾಗಿ ಬರೆದು ಪರಿಚಿತರಿಗೆ ಕಳಿಸಿದರು. ಆ ವಿಷಯದ ಸಂಶೋಧನೆಗೆ ಅದು ಚಾಲನೆ ಕೊಟ್ಟಿತು. ಇಂದು ಮೊಬೈಲಿನಲ್ಲಿ ಇಂಗ್ಲಿಷ್ ವಾಕ್ಯ ಹಾಕಿದರೆ ಕನ್ನಡದಲ್ಲಿ ಬರುತ್ತದಲ್ಲ, ಆ ದಾರಿಯ ಆರಂಭದಲ್ಲಿ ಈ ಟಿಪ್ಪಣಿ ಇದೆ. ವೀನರ್ ಅವರ ತಣ್ಣನೆಯ ಉತ್ತರವನ್ನೂ ವೀವರ್ ಅದರಲ್ಲಿ ಸೇರಿಸಿದ್ದರು ಎಂಬುದೇ ಇಲ್ಲಿನ ಸ್ವಾರಸ್ಯ. ತಮಗೆ ಒಪ್ಪದ ಅಭಿಪ್ರಾಯವನ್ನು ಅವರು ಮುಚ್ಚಿಡಲಿಲ್ಲ.

ಈ ದಿನಚರಿಗಳು ಈಗ ನ್ಯೂಯಾರ್ಕ್ ನಗರದ ಉತ್ತರಕ್ಕೆ, ಹಡ್ಸನ್ ನದಿಯ ದಂಡೆಯ ಸ್ಲೀಪಿ ಹಾಲೊ ಎಂಬ ಊರಿನ ರಾಕ್‌ಫೆಲರ್ ದಾಖಲೆ ಕೇಂದ್ರದಲ್ಲಿವೆ. ಕೇಂದ್ರ ಆರಂಭವಾದದ್ದು 1974ರಲ್ಲಿ. ಕಾಗದ ಉಳಿಸುವುದೂ ಒಂದು ರಸಾಯನಶಾಸ್ತ್ರ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಇರುತ್ತದೆ. ಅದು ಸೆಲ್ಯುಲೋಸಿನ ಉದ್ದನೆಯ ಸರಪಣಿಗಳನ್ನು ಮೆಲ್ಲಗೆ ತುಂಡು ಮಾಡುತ್ತದೆ. ಹಳೆಯ ಪುಸ್ತಕದ ಹಾಳೆ ಹಪ್ಪಳದಂತೆ ಮುರಿಯುವುದು ಇದಕ್ಕೇ. ಆದ್ದರಿಂದ ದಾಖಲೆ ಕೇಂದ್ರಗಳಲ್ಲಿ ತುಕ್ಕು ಹಿಡಿಯುವ ಪಿನ್ನುಗಳನ್ನು ತೆಗೆದು, ಆಮ್ಲರಹಿತ ಪೆಟ್ಟಿಗೆಗಳಲ್ಲಿ, ತಂಪಾದ ಒಣ ಕೋಣೆಯಲ್ಲಿ ಕಾಗದಗಳನ್ನು ಇಡುತ್ತಾರೆ. ಪ್ರತಿಷ್ಠಾನದ ಅನೇಕ ದಿನಚರಿಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿಯೂ ಹಾಕಿದ್ದಾರೆ.

ಹೀಗೆ ಉಳಿಸಿದ್ದರಿಂದ ವೀವರ್ ಅವರಿಗೆ ಬರೀ ಹೊಗಳಿಕೆ ಬಂತೇ? ಇಲ್ಲ. ಲಿಲಿ ಕೇ ಎಂಬ ಇತಿಹಾಸಕಾರ್ತಿ 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜೀವವನ್ನು ಅಣುಗಳ ಮಟ್ಟದಲ್ಲಿ ನೋಡುವ ವಿಜ್ಞಾನ ತಾನಾಗಿಯೇ ಮುಂದೆ ಬಂದದ್ದಲ್ಲ, ಪ್ರತಿಷ್ಠಾನದ ಹಣ ಮತ್ತು ಸಮಾಜವನ್ನು ಹತೋಟಿಯಲ್ಲಿಡುವ ಆಶಯ ಅದರ ಹಿಂದಿತ್ತು ಎಂದು ವಾದಿಸಿದರು. ವಾದವನ್ನು ಒಪ್ಪದವರೂ ಇದ್ದಾರೆ. ಆದರೆ ಆ ಟೀಕೆಗೆ ಆಧಾರ ಎಲ್ಲಿಂದ ಬಂತು? ಬಹುಮಟ್ಟಿಗೆ ಪ್ರತಿಷ್ಠಾನವೇ ಜೋಪಾನವಾಗಿಟ್ಟ ಕಡತಗಳಿಂದ! ಇನ್ನೊಬ್ಬರ ಭವಿಷ್ಯ ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರು ತಮ್ಮ ವಿರುದ್ಧವೇ ಸಾಕ್ಷಿ ಹೇಳಬಲ್ಲ ಕಾಗದಗಳನ್ನೂ ಉಳಿಸಬೇಕು. ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಕಾಣದು.

ಇದು ಅಮೆರಿಕದ ದೊಡ್ಡವರ ಮಾತು, ನಮಗೇನು ಎನ್ನಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದಾಗ ರೋಗದ ಮೂಲ ಹುಡುಕಲು ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ. ಆ ಕೇಂದ್ರ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಇದೇ ರಾಕ್‌ಫೆಲರ್ ಪ್ರತಿಷ್ಠಾನದ ಸಹಯೋಗದಲ್ಲಿ ಆರಂಭವಾದದ್ದು. ಮಂಗನ ಕಾಯಿಲೆಯ ವೈರಸ್ಸು ಮತ್ತು ಅದನ್ನು ಹರಡುವ ಉಣುಗು ಗೊತ್ತಾದದ್ದು, ಎಲ್ಲಿ ಯಾವ ದಿನ ಯಾವ ಮಂಗ ಸತ್ತಿತು, ಯಾರಿಗೆ ಜ್ವರ ಬಂತು ಎಂದು ಬರೆದಿಟ್ಟುಕೊಂಡವರಿಂದ. ಇನ್ನು ದಾಖಲೆ ಕೇಂದ್ರ ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಿಂದ ವಿಜ್ಞಾನದ ಇತಿಹಾಸಕ್ಕೆಂದೇ ಒಂದು ದಾಖಲೆ ಸಂಗ್ರಹ ಇದೆ.

ಈಗ ನಮ್ಮ ಪ್ರಯೋಗಶಾಲೆಗೆ ಬರೋಣ. ಪ್ರಾಕ್ಟಿಕಲ್ ರೆಕಾರ್ಡುಗಳನ್ನು ತಿದ್ದುವಾಗ ನಾನು ಪ್ರತಿ ವರ್ಷ ಕಾಣುವ ಸಂಗತಿ ಒಂದಿದೆ. ಸರಳ ಲೋಲಕದ ಪ್ರಯೋಗದಲ್ಲಿ ಎಲ್ಲರಿಗೂ ಗುರುತ್ವದ ಬೆಲೆ ಕರಾರುವಾಕ್ಕಾಗಿ 9.8! ಬರಹ ದುಂಡಗೆ, ಬೈಂಡು ಅಂದವಾಗಿ, ಅಂಕಿಗಳು ಮಾತ್ರ ಹಿಂದಿನ ವರ್ಷದವರ ರೆಕಾರ್ಡಿನವು. ಒಬ್ಬ ಹುಡುಗನ ಕಚ್ಚಾ ಪುಸ್ತಕದಲ್ಲಿ 9.6 ಇತ್ತು. ಹೇಗೆ ಅಳೆದೆ ಎಂದು ಕೇಳಿದೆ. ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಕೊಕ್ಕೆಯವರೆಗೆ ಮಾತ್ರ ಅಳೆದಿದ್ದ. ಉದ್ದ ಕಡಿಮೆ ಆದದ್ದರಿಂದ ಬೆಲೆಯೂ ಕಡಿಮೆ ಬಂದಿತ್ತು. ಆ 9.6 ಅವನಿಗೆ ಕಲಿಸಿದ ಭೌತಶಾಸ್ತ್ರವನ್ನು ಮೂವತ್ತು ಮಂದಿಯ 9.8 ಕಲಿಸಲಿಲ್ಲ.

ವಿದ್ಯಾರ್ಥಿಗಳೇ, ಒಂದು ಕಚ್ಚಾ ಪುಸ್ತಕ ಇಟ್ಟುಕೊಳ್ಳಿ. ತಾರೀಕು ಹಾಕಿ ಪೆನ್ನಿನಲ್ಲಿಯೇ ಬರೆಯಿರಿ. ತಪ್ಪಾದರೆ ಉಜ್ಜಬೇಡಿ, ಬಿಳಿ ಮಸಿ ಬಳಿಯಬೇಡಿ; ಕೆಳಗಿನ ಅಂಕಿ ಕಾಣುವಂತೆ ಒಂದೇ ಗೆರೆ ಎಳೆಯಿರಿ. ಅಂದಿನ ಪ್ರಯೋಗ ಅಂದೇ ಬರೆಯಿರಿ. ನಾಳೆಗೆ ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ತಂದೆತಾಯಂದಿರಲ್ಲಿ ನನ್ನ ವಿನಂತಿ ಎರಡು. ಮಗು ಶಾಲೆಯಿಂದ ಬಂದಾಗ ‘ಎಷ್ಟು ಬಂತು’ ಎಂಬುದರ ಜೊತೆಗೆ ‘ಹೇಗೆ ಬಂತು’ ಎಂದೂ ಕೇಳಿ. ಮತ್ತೆ, ಪರೀಕ್ಷೆ ಮುಗಿದ ಮರುದಿನವೇ ಆ ಕಚ್ಚಾ ಪುಸ್ತಕಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಯವನಿಗೆ ಹಾಕಬೇಡಿ. ಹೊಡೆದುಹಾಕಿದ ಅಂಕಿಗಳ ಪಕ್ಕದಲ್ಲಿ ನಿಮ್ಮ ಮಗು ಯೋಚನೆ ಮಾಡಲು ಕಲಿತ ಗುರುತು ಇರುತ್ತದೆ.