ಬಾನೆಟ್ಟಿನೊಳಗಿನ ಕೆಂಪು ಸಲಾಕೆ

"ಸ್ಟ್ರಟ್ ಬಾರ್ ಹಾಕಿಸ್ದೆ ಗುರು, ಕಾರು ಈಗ ರಸ್ತೆಗೆ ಅಂಟ್ಕೊಂಡಂಗೆ ತಿರುಗುತ್ತೆ." ಆಫೀಸಿನ ಪಾರ್ಕಿಂಗ್‌ನಲ್ಲಿ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಕೇಳೋದು ಒಂದೇ ಪ್ರಶ್ನೆ: ಟೈರಿನ ಗಾಳಿ ಕೊನೆಯ ಸಲ ಯಾವಾಗ ಚೆಕ್ ಮಾಡಿಸಿದ್ದು? ಉತ್ತರ ಬರೋದಿಲ್ಲ. ಬಾನೆಟ್ ಮಾತ್ರ ಮೇಲೇಳುತ್ತೆ. ಒಳಗೆ ಎಂಜಿನ್ನಿನ ಮೇಲೆ ಅಡ್ಡಲಾಗಿ ಫಳಫಳ ಹೊಳೆಯುವ ಕೆಂಪು ಸಲಾಕೆ.

ನಾನು ಹೇಳೋದು ಇಷ್ಟೇ. ದಿನಾ ಆಫೀಸಿಗೆ, ಹಬ್ಬಕ್ಕೆ ಊರಿಗೆ ಓಡುವ ಕಾರಿಗೆ ಈ ಸಲಾಕೆ ಹಾಕಿಸೋದು, ಹೊರಸಿನ ಕಾಲು ಲಡ್ಡಾಗಿರುವಾಗ ಮೇಲೆ ಹೊಸ ಚಾದರ ಹಾಸಿದ ಹಾಗೆ.

ಮೊದಲು ಸಲಾಕೆಯ ಪರ ನಾಲ್ಕು ಮಾತು. ನಮ್ಮ ಸಣ್ಣ ಕಾರುಗಳ ಮುಂದಿನ ಸಸ್ಪೆನ್ಷನ್ ಬಹುತೇಕ ಮ್ಯಾಕ್‌ಫರ್ಸನ್ ಸ್ಟ್ರಟ್. 1983ರಲ್ಲಿ ಬಂದ ಮಾರುತಿ 800ರಲ್ಲೂ ಮುಂದೆ ಇದೇ ಇತ್ತು. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಒಂದೇ ಕಂಬ. ಅದರ ತಲೆ ಬಾನೆಟ್ಟಿನೊಳಗೆ ಎಡಕ್ಕೂ ಬಲಕ್ಕೂ ಇರುವ ಎರಡು ಗುಮ್ಮಟಗಳಿಗೆ ನಟ್ಟಿನಲ್ಲಿ ಬಿಗಿದಿರುತ್ತದೆ. ಜೋರಾಗಿ ತಿರುವು ತೆಗೆದುಕೊಂಡಾಗ ಹೊರಬದಿಯ ಚಕ್ರದ ಮೇಲೆ ಭಾರ ಬಿದ್ದು ಗುಮ್ಮಟ ಕೂದಲೆಳೆಯಷ್ಟು ವಾಲುತ್ತದೆ, ಚಕ್ರದ ನಿಲುವೂ ಅಷ್ಟು ಬದಲಾಗುತ್ತದೆ. ಶೂ ಡಬ್ಬಿಯ ಮುಚ್ಚಳ ತೆಗೆದು ತಿರುಚಿ ನೋಡಿ, ಸಲೀಸಾಗಿ ಸೊಟ್ಟಗಾಗುತ್ತೆ. ಮೇಲೊಂದು ಅಡ್ಡಪಟ್ಟಿ ಅಂಟಿಸಿದರೆ ಬಿಗಿಯಾಗುತ್ತೆ. ಸ್ಟ್ರಟ್ ಬಾರ್ ಅಂದರೆ ಆ ಅಡ್ಡಪಟ್ಟಿ. ರ‍್ಯಾಲಿ ಕಾರಿಗೆ, ಟ್ರ್ಯಾಕಿನಲ್ಲಿ ಅಂಟುವ ಟೈರು, ಗಡುಸು ಸ್ಪ್ರಿಂಗ್ ಹಾಕಿ ಓಡಿಸುವವರಿಗೆ ಅದು ಕೆಲಸಕ್ಕೆ ಬರುತ್ತೆ. ಸುಳ್ಳಲ್ಲ.

ಆದರೆ ನಿಮ್ಮ ಕಾರಿನಲ್ಲಿ ಆ ಗುಮ್ಮಟ ವಾಲುವಷ್ಟು ಹಿಡಿತ ಟೈರಿಗೆ ಇದೆಯಾ? ಈಗಿನ ಬಾಡಿಗಳಲ್ಲಿ ಗುಮ್ಮಟಗಳ ಹಿಂದೆಯೇ ಫೈರ್‌ವಾಲಿನ ಗಟ್ಟಿ ತಗಡು ಎರಡನ್ನೂ ಕಟ್ಟಿ ಹಿಡಿದಿರುತ್ತದೆ. ಕಂಪನಿಯಿಂದ ಬಂದ ಟೈರು ಅದಕ್ಕಿಂತ ಮೊದಲೇ ಜಾರುತ್ತೆ. ಸಲಾಕೆ ಟೈರಿಗೆ ಒಂದಿಷ್ಟೂ ಹಿಡಿತ ತಂದುಕೊಡೋದಿಲ್ಲ. ಸ್ಟೀರಿಂಗ್ ಸ್ವಲ್ಪ ಚುರುಕಾದ ಹಾಗೆ ಕೈಗೆ ಅನಿಸಬಹುದು, ಜಾರುವ ಮಿತಿ ಇದ್ದಲ್ಲೇ ಇರುತ್ತೆ. ಕೋಡ್ ನಿಧಾನವಾದರೆ ಮೊದಲು ಪ್ರೊಫೈಲರ್ ಓಡಿಸಿ ಎಲ್ಲಿ ತಡವಾಗ್ತಿದೆ ನೋಡ್ತೀವಲ್ಲ? ಅಳೆಯದೆ ಆಪ್ಟಿಮೈಸ್ ಮಾಡಿದ ಜೂನಿಯರ್‌ಗೆ ರಿವ್ಯೂನಲ್ಲಿ ಬೆವರಿಳಿಸೋ ನಾವು, ಜೆ.ಸಿ. ರೋಡಿಗೆ ಹೋದ ಕೂಡಲೇ ಆ ಬುದ್ಧಿಯನ್ನ ಎಲ್ಲಿ ಬಿಟ್ಟು ಬರ್ತೀವಿ?

"ನಂಗೆ ಫೀಲ್ ಆಗುತ್ತೆ" ಅನ್ನೋದು ಅವರ ಕೊನೆಯ ಅಸ್ತ್ರ. ದುಡ್ಡು ಕೊಟ್ಟ ಮೇಲೆ ಎಲ್ಲಾನೂ ಫೀಲ್ ಆಗುತ್ತೆ. ಒಂದು ಪರೀಕ್ಷೆ ಮಾಡಿ. ಗೆಳೆಯನಿಗೆ ಹೇಳಿ ಕೆಲವು ದಿನ ಬಾರ್ ಹಾಕಿಸಿ, ಕೆಲವು ದಿನ ತೆಗೆಸಿ. ಯಾವತ್ತು ಇದೆ, ಯಾವತ್ತು ಇಲ್ಲ ಅನ್ನೋದು ನಿಮಗೆ ಗೊತ್ತಾಗಬಾರದು. ಅದೇ ರಸ್ತೆ, ಅದೇ ಗಾಳಿ. ಗುರುತಿಸಿದರೆ ನಾನು ಸೋತೆ.

ನನ್ನೂರು ಚಂದ್ರಬಂಡ, ರಾಯಚೂರು ತಾಲ್ಲೂಕಿನ ಹೋಬಳಿ. ನಮ್ಮ ಕಡೆ ಎರೆ ಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಾಯಿ ಬಿಡುತ್ತೆ. ಮೇಲಿನ ಡಾಂಬರು ಅದರ ಜೊತೆಗೇ ಏಳುತ್ತೆ, ಕೂರುತ್ತೆ. ಮಾನ್ವಿ ಕಡೆ ಹೋಗಿ, ದೇವದುರ್ಗದ ಕಡೆ ಹೋಗಿ, ಭತ್ತದ ಲಾರಿ ತುಳಿದ ರಸ್ತೆ ಅಲೆಅಲೆಯಾಗಿ ಇರುತ್ತೆ. ಇಂಥ ಕಡೆ ಮೊದಲು ಸವೆಯೋದು ಕಂಟ್ರೋಲ್ ಆರ್ಮಿನ ರಬ್ಬರ್ ಬುಷ್, ಲಿಂಕ್ ರಾಡ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್. ಇವು ಸಡಿಲಾದರೆ ಚಕ್ರ ತನಗೆ ಬೇಕಾದ ಕಡೆ ವಾಲಾಡುತ್ತೆ. ರಾಯಚೂರಿನ ಮೇಸ್ತ್ರಿಯೊಬ್ಬರು ಇಂಥದೇ ಒಂದು ಕಾರಿನ ಅಡಿ ನೋಡಿ ಕೇಳಿದ್ರು: "ಬುಷ್ ಹೋಗ್ಯಾವ್ರೀ ಸರ, ಮ್ಯಾಲ ರಾಡ್ ಹಾಕಿದ್ರ ಏನ್ ಬರ್ತದ?" ಇಡೀ ಎಂಜಿನಿಯರಿಂಗ್ ಆ ಒಂದು ಮಾತಿನಲ್ಲಿದೆ.

ಆದ್ದರಿಂದ ಖರ್ಚಿನ ಸಾಲು ಹೀಗಿರಲಿ. ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಗಾಳಿ, ಟೈರು ತಣ್ಣಗಿರುವಾಗ. ಟೈರಿನ ಪಕ್ಕದಲ್ಲಿ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ; 2319 ಎಂದರೆ 2019ರ 23ನೇ ವಾರದ ಮಾಲು. ಗೀರಿನ ಆಳ 1.6 ಮಿ.ಮೀ.ಗೆ ಬಂದಿದ್ದರೆ ಬದಲಾಯಿಸಿ. ಆಮೇಲೆ ಬುಷ್, ಶಾಕ್ ಅಬ್ಸಾರ್ಬರ್. ಕೊನೆಗೆ ವೀಲ್ ಅಲೈನ್‌ಮೆಂಟ್. ಇಷ್ಟಾದ ಮೇಲೂ ಕಾರಿನಲ್ಲಿ ಕೊರತೆ ಕಂಡರೆ ಸಲಾಕೆಯ ಮಾತು.

ಅಷ್ಟಕ್ಕೂ ಬೇಕೇ ಬೇಕು ಅಂದ್ರಾ? ಬಣ್ಣ ನೋಡಬೇಡಿ. ನಿಮ್ಮ ಮಾಡೆಲ್ಲಿಗೇ ಮಾಡಿದ್ದಿರಲಿ. ನೇರ ಸಲಾಕೆ ಬಾಗಿದ್ದಕ್ಕಿಂತ ಗಟ್ಟಿ, ಒಂದೇ ತುಂಡಾಗಿ ವೆಲ್ಡ್ ಆದದ್ದು ತುದಿಯಲ್ಲಿ ಕೀಲಿರುವುದಕ್ಕಿಂತ ಗಟ್ಟಿ. ಎಂಜಿನ್ ಅಲುಗಾಡುವಾಗ ತಾಗಬಾರದು, ಬಾನೆಟ್ ಮುಚ್ಚಿದಾಗ ಒತ್ತಬಾರದು. ಕಾರು ಜಾಕಿನ ಮೇಲಲ್ಲ, ಸಮನೆಲದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಬಿಚ್ಚೋದು ಗುಮ್ಮಟದ ಸುತ್ತಲಿನ ನಟ್ಟುಗಳನ್ನು ಮಾತ್ರ. ನಡುವಿನ ದೊಡ್ಡ ನಟ್ಟನ್ನು ಮುಟ್ಟಲೇಬೇಡಿ, ಒತ್ತಿ ಕೂತ ಸ್ಪ್ರಿಂಗನ್ನು ಹಿಡಿದಿರೋದು ಅದು. ಪ್ಲೇಟ್ ಕೂತ ಮೇಲೆ ನಟ್ಟಿನಾಚೆ ಸ್ಟಡ್ಡಿನ ಮರೆ ಕಾಣಬೇಕು. ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್ ರೆಂಚಿನಲ್ಲಿ ಬಿಗಿಸಿ, ಕೆಲ ದಿನ ಓಡಿಸಿ ಮತ್ತೆ ನೋಡಿ, ಅಲೈನ್‌ಮೆಂಟ್ ಮಾಡಿಸಿ. ಕಂಪನಿ ಕೊಟ್ಟ ವಿವರಕ್ಕೆ ಹೊರತಾದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಡಿವಾಣ ಹಾಕಿದೆ. ವಿಮೆಯವರನ್ನೂ ಬರಹದಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಇದೆಲ್ಲ ನಿಮ್ಮ ದುಡ್ಡು, ನಿಮ್ಮ ಇಷ್ಟ ಅಂತ ಬಿಟ್ಟುಬಿಡಬಹುದಿತ್ತು. ಬಿಡಲಾರೆ. ಬಾನೆಟ್ಟಿಗೂ ಎಂಜಿನ್ನಿಗೂ ನಡುವೆ ಇರುವ ಖಾಲಿ ಜಾಗ ಸುಮ್ಮನೆ ಬಿಟ್ಟಿದ್ದಲ್ಲ. ಡಿಕ್ಕಿಯಾದ ಪಾದಚಾರಿಯ ತಲೆ ಬಾನೆಟ್ಟಿಗೆ ಬಡಿದರೆ, ತಗಡು ಒಳಗೆ ತಗ್ಗಿ ಪೆಟ್ಟು ಕಡಿಮೆಯಾಗಲಿ ಅಂತ ಬಿಟ್ಟ ಜಾಗ. ಆ ಜಾಗದಲ್ಲಿ ಗಟ್ಟಿ ಸಲಾಕೆ ತಂದಿಡುತ್ತೀರಿ. ಕಂಪನಿ ಮಾಡಿದ ಕ್ರ್ಯಾಶ್ ಟೆಸ್ಟಿನಲ್ಲಿ ಅದು ಇರಲಿಲ್ಲ. ಮೇಲಿಂದ "ಈಗ ಕಾರು ತಿರುಗುತ್ತೆ" ಅನ್ನೋ ಧೈರ್ಯ ಬೇರೆ. ನಮ್ಮ ಕಡೆಯ ರಸ್ತೆಗೆ ಫುಟ್‌ಪಾತ್ ಇಲ್ಲ. ಹೊಲಕ್ಕೆ ಹೋಗುವ ಹೆಣ್ಮಕ್ಕಳು, ಶಾಲೆ ಬಿಟ್ಟ ಹುಡುಗರು, ಕುರಿ ಹಿಂಡು ಎಲ್ಲಾ ಡಾಂಬರಿನ ಅಂಚಿನಲ್ಲೇ. ನಿಮಗೆ ಅದು ವೀಕೆಂಡ್ ಡ್ರೈವ್. ನಮ್ಮವ್ವನಿಗೆ ಹತ್ತಿ ಬಿಡಿಸೋಕೆ ಹೋಗೋ ದಾರಿ. ತಿರುವಿನಾಚೆ ಅವಳಿದ್ದರೆ ಬೇಕಾಗೋದು ಬ್ರೇಕು, ಟೈರು ಮತ್ತೆ ಮೊದಲೇ ಇಳಿಸಿದ ವೇಗ.

ಸಲಾಕೆಗೆ ಎತ್ತಿಟ್ಟ ದುಡ್ಡು ಇನ್ನೂ ಜೇಬಿನಲ್ಲೇ ಇದ್ದರೆ, ಈ ಶನಿವಾರ ಕಾರಿನ ಬುಷ್ ನೋಡಿಸಿ. ಟೈರು ಸವೆದಿದ್ದರೆ ಎರಡು ಟೈರಿನ ಖರ್ಚಿಗೆ ಒಂದಿಷ್ಟು ಅಲ್ಲೇ ಸಿಕ್ಕಿತು.