ಕಾವಲಿನಲ್ಲಿ ಹುಲ್ಲಿಗೇ ಜಾಗವಿಲ್ಲ

ಮೊದಲ ಮಳೆ ಬಿದ್ದ ವಾರದೊಳಗೆ ಚಿತ್ರದುರ್ಗ ಸೀಮೆಯ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಲ್ಲಿ ಹಸಿರು ಕಾಣುತ್ತದೆ. ಬಗ್ಗಿ ನೋಡಿದರೆ ಅದರಲ್ಲಿ ಎಷ್ಟೋ ಹುಲ್ಲೇ ಅಲ್ಲ, ಪಾರ್ಥೇನಿಯಂ.

ನಮ್ಮ ಜನ ಕಾಂಗ್ರೆಸ್ ಗಿಡ ಎನ್ನುವ ಈ ಕಳೆ ಎಳೆತನದಲ್ಲಿ ನೆಲಕ್ಕಂಟಿ ತಟ್ಟೆಯಂತೆ ಹರಡಿಕೊಳ್ಳುತ್ತದೆ. ಅದರಡಿ ಸಿಕ್ಕ ನೂಲಿನಷ್ಟು ತೆಳ್ಳಗಿನ ಹುಲ್ಲಿನ ಮೊಳಕೆಗೆ ಬಿಸಿಲಿಲ್ಲ. ಮೇಲ್ಮಣ್ಣಿನ ಅಷ್ಟಿಷ್ಟು ತೇವವೂ ಉಳಿಯುವುದಿಲ್ಲ. ಸಾಲದ್ದಕ್ಕೆ, ಗಿಡದಿಂದ ಮಣ್ಣಿಗಿಳಿಯುವ ಪಾರ್ಥೆನಿನ್ ಎಂಬ ರಾಸಾಯನಿಕ ಅಕ್ಕಪಕ್ಕದ ಬೀಜಗಳ ಮೊಳಕೆಯನ್ನೂ ಬೇರನ್ನೂ ಕುಂಠಿತಗೊಳಿಸುತ್ತದೆ. ದನಕರುಗಳು ಹುಲ್ಲನ್ನಷ್ಟೇ ಮೇದು ಕಳೆಯನ್ನು ಬಿಡುತ್ತವೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ.

ಈ ಕಳೆಯ ಹತೋಟಿಗೆಂದು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ಜೀರುಂಡೆ ಇದರ ಎಲೆ ತಿನ್ನುತ್ತದೆ, ನಿಜ. ಆದರೆ ಒಣ ತಿಂಗಳುಗಳಲ್ಲಿ ಅದು ಮಣ್ಣೊಳಗೆ ಸೇರಿಬಿಡುತ್ತದೆ. ಅದೊಂದನ್ನೇ ನೆಚ್ಚಿ ಕೂರುವಂತಿಲ್ಲ.

ಹೂ ಬಿಡುವ ಮುನ್ನವೇ, ಮಣ್ಣು ಹಸಿಯಿರುವಾಗ, ಕೈಗೆ ಗವಸು ತೊಟ್ಟು ಗಿಡವನ್ನು ಬೇರುಸಹಿತ ಕೀಳಿಸಬೇಕು. ತೆರವಾದ ಜಾಗಕ್ಕೆ ಸ್ಥಳೀಯ ಹುಲ್ಲಿನ ಬೀಜ ಬಿತ್ತಿ, ಅದು ಬೇರೂರುವವರೆಗೆ ಮೇಯಿಸುವುದನ್ನು ನಿಲ್ಲಿಸಬೇಕು. ಕಾವಲನ್ನು ಬಂಜರೆಂದು ಬಗೆದು ಸಸಿ ನೆಡುವ ಹಣವನ್ನು ಸರ್ಕಾರ ಈ ಕೆಲಸಕ್ಕೆ ತಿರುಗಿಸಲಿ. ಮುಂಗಾರಿಗೆ ಮೊದಲೇ ಕೂಲಿಯಾಳುಗಳನ್ನು ಗೊತ್ತುಮಾಡಲಿ.